ಕೆರೆ ನಂಬಿ ಅಡಿಕೆ ಹಾಕುವ ಮುಂಚೆ ಈ ಲೆಕ್ಕ ಮಾಡಿ

ಅಣ್ಣಾ, 2022ರಲ್ಲಿ ಕೋಡಿ ಬಿದ್ದ ನಿಮ್ಮೂರ ಕೆರೆ ಮುಂದೆಯೂ ತುಂಬುತ್ತಾ, ಅದನ್ನು ನಂಬಿ ಅಚ್ಚುಕಟ್ಟಿನಲ್ಲಿ ಅಡಿಕೆ ಹಾಕಬಹುದಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ಇನ್ನು ಮುಂಗಾರು ಜಾಸ್ತಿ ಆಗುತ್ತಂತೆ, ಧೈರ್ಯವಾಗಿ ಹಾಕಿ" ಅಂದಿದ್ದಾರೆ. ಅವರ ಮಾತು ಅರ್ಧ ಸರಿ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿ ನಮ್ಮ ಕಡೆ ಮುಂಗಾರು ಮಳೆ ಈ ಶತಮಾನದಲ್ಲಿ ಹೆಚ್ಚುತ್ತದೆ ಅನ್ನುತ್ತದೆ. ಜೊತೆಗೆ ವರ್ಷದಿಂದ ವರ್ಷಕ್ಕೆ ಏರುಪೇರೂ ಹೆಚ್ಚುತ್ತದೆ ಅನ್ನುತ್ತದೆ. 2022ರಲ್ಲಿ ಸುರಿದದ್ದು ನೋಡಿದಿರಿ. ಮರುವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಸರಾಸರಿ ಚೆನ್ನಾಗಿದ್ದರೂ ಅಂಥ ಒಂದು ಬೇಸಿಗೆ ಸಾಕು, ತೋಟ ಒಣಗೋಕೆ.

ಇನ್ನೊಂದು ವಿಷಯ. ಮಳೆ ಬಿದ್ದಷ್ಟೂ ಕೆರೆಗೆ ಬರುವುದಿಲ್ಲ. ಬಯಲುಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಬಿದ್ದರೆ ಹತ್ತನೇ ಒಂದು ಭಾಗ ಹರಿದು ಬಂದರೂ ದೊಡ್ಡದು. ಒಂದು ಎಕರೆ ಮೇಲೆ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಜಲಾನಯನ ಸಾವಿರ ಎಕರೆ ಇದ್ದು 60 ಮಿ.ಮೀ. ಹರಿದರೆ 24 ಕೋಟಿ ಲೀಟರ್ ಆಯ್ತು. ಆದರೆ ಆ 600 ಮಿ.ಮೀ. ಜಿಟಿಜಿಟಿ ಅಂತ ಹಂಚಿ ಬಿದ್ದರೆ ಹೊಲವೇ ಕುಡಿದುಬಿಡುತ್ತದೆ, ಹಳ್ಳ ಹರಿಯುವುದೇ ಇಲ್ಲ. ನಾಲ್ಕು ದೊಡ್ಡ ಮಳೆ ಬಂದರೆ ಕೆರೆ ತುಂಬುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಹಾಗಾಗಿ ಬಂದಾಗ ಜೋರು ಮಳೆ, ನಡುವೆ ಉದ್ದನೆಯ ಬಿಡುವು.

ನನ್ನ ಪ್ರಕಾರ ಇದಕ್ಕಿಂತ ಮುಖ್ಯ ಕೆರೆಯ ಮೇಲ್ಭಾಗ. ಮೇಲೆ ಎಷ್ಟು ಚೆಕ್ ಡ್ಯಾಂ, ಕೃಷಿ ಹೊಂಡ ಆಗಿವೆ? ನೀಲಗಿರಿ ತೋಪು ಇದೆಯಾ? ಹಳ್ಳ ಒತ್ತುವರಿ ಆಗಿದೆಯಾ? ನಡೆದು ನೋಡಿ ಬನ್ನಿ. ಮುಂದಿನ ಮಳೆ ಅಂದಾಜು ಮಾಡುವ ಕಂಪ್ಯೂಟರ್ ಹವಾಮಾನ ಮಾದರಿಗಳಿಗೆ ನಿಮ್ಮೂರ ಹಳ್ಳ ಗೊತ್ತಿಲ್ಲ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯವನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲೇ ಇನ್ನೊಮ್ಮೆ. ಅಷ್ಟರಲ್ಲಿ ಭದ್ರಾ ನದಿಯ ನೀರನ್ನೂ ಅಲ್ಲಿಗೆ ತರಲಾಗುತ್ತಿತ್ತು. ಬರೀ ಹಳೇ ಮಳೆ ಲೆಕ್ಕ ಹಿಡಿದು ಕೂತವರಿಗೆ ಇದನ್ನು ಹೇಳಲು ಆಗುತ್ತಿರಲಿಲ್ಲ.

ಈಗ ಕೆಲಸದ ಮಾತು. ತೂಬಿನ ಕಲ್ಲಿನ ಮೇಲೆ ಅಡಿ, ಇಂಚು ಗುರುತು ಬರೆಸಿ, ವಾರಕ್ಕೊಮ್ಮೆ ನೋಡಿ ಬರೆದಿಡಿ. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿ ಅಂತ ಹಿಡಿಯಿರಿ. ತಿಂಗಳಿಗೆ 18 ಸೆಂ.ಮೀ., ಅಂದರೆ ಗೇಣಿಗೆ ಸ್ವಲ್ಪ ಕಡಿಮೆ. ತೂಬು ಮುಚ್ಚಿ, ಯಾರೂ ಪಂಪ್ ಇಡದೆ, ಮಳೆಯೂ ಇಲ್ಲದ ವಾರದಲ್ಲಿ ಅದಕ್ಕಿಂತ ಜಾಸ್ತಿ ಇಳಿದರೆ ಅದು ಇಂಗಿದ್ದು ಅಥವಾ ಏರಿ ಸೋರಿದ್ದು.

ಆಮೇಲೆ ನಿಮ್ಮ ಹೋಬಳಿಯ 30 ವರ್ಷದ ದಿನವಹಿ ಮಳೆ ತೆಗೆದುಕೊಳ್ಳಿ. ತಿಂಗಳ ಮೊತ್ತ ಸಾಲದು. ಆ ಮಳೆಯನ್ನು ಈಗಿನ ಕೆರೆಗೆ, ಈಗಿನ ಹೂಳಿನ ಸಮೇತ, ಒಂದೊಂದೇ ವರ್ಷ ಹಾಕಿ ನೋಡಿ. ಎಷ್ಟು ವರ್ಷ ಮಾರ್ಚ್ ಹೊತ್ತಿಗೆ ನೀರು ಉಳಿಯಿತು? ಸತತವಾಗಿ ಎಷ್ಟು ವರ್ಷ ಉಳಿಯಲಿಲ್ಲ? ನಂತರ ಮಳೆಯನ್ನು ಒಮ್ಮೆ ಶೇ. 10 ಏರಿಸಿ, ಇನ್ನೊಮ್ಮೆ ಶೇ. 15 ಇಳಿಸಿ, ಆವಿಯನ್ನು ಸ್ವಲ್ಪ ಹೆಚ್ಚಿಸಿ ಮತ್ತೆ ಲೆಕ್ಕ ಹಾಕಿ. ಒಂದೇ ಅಂಕಿ ಬರುವುದಿಲ್ಲ, ಒಂದು ಹರವು ಬರುತ್ತದೆ. ಬರಬೇಕಾದ್ದೂ ಅದೇ.

ಇವುಗಳಲ್ಲಿ ಯಾವುದಾದರೂ ಒಂದು ಲೆಕ್ಕದಲ್ಲಿ ಸತತ ಎರಡು ವರ್ಷ ಕೆರೆ ಒಣಗುತ್ತೆ ಅಂತ ಬಂದರೆ, ಬೋರಿನಲ್ಲಿ ಬೇಸಿಗೆಗೆ ಸಾಕಾಗುವಷ್ಟು ನೀರಿದ್ದರೆ ಮಾತ್ರ ಅಡಿಕೆ ಯೋಚಿಸಿ. ಇಲ್ಲದಿದ್ದರೆ ಒಂದು ಎಕರೆಗೆ ನಿಲ್ಲಿಸಿ, ಉಳಿದದ್ದರಲ್ಲಿ ಕೆರೆ ತುಂಬಿದ ವರ್ಷ ಭತ್ತ, ತುಂಬದ ವರ್ಷ ರಾಗಿ. ಮಳೆ ಅಂಕಿ ಸಿಕ್ಕಿದರೆ ಇಲ್ಲೇ ಹಾಕಿ, ಎಕ್ಸೆಲ್‌ನಲ್ಲಿ ಕೂರಿಸಿ ಕೊಡುತ್ತೇನೆ.