ಬಿಲ್ ಕೈಗೆ ಕೊಟ್ಟರೆ ಮೊದಲು ಏನು ನೋಡಬೇಕು?

ಪತ್ರ: ಬಿ.ಕಾಂ. ಮುಗಿದು ವರ್ಷವಾಯಿತು. ಟ್ಯಾಲಿ ಕೋರ್ಸ್ ಸರ್ಟಿಫಿಕೇಟೂ ಇದೆ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಎರಡು ಕಡೆ ಇಂಟರ್‌ವ್ಯೂ ಕೊಟ್ಟೆ. ಬಾಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಬಿಲ್ ಕೊಟ್ಟು ಕಂಪ್ಯೂಟರ್ ಮುಂದೆ ಕೂರಿಸಿದಾಗ ಕೈಯೇ ಓಡಲಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ಇನ್ನು ಹತ್ತು ದಿನಕ್ಕೆ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಇಂಟರ್‌ವ್ಯೂ ಇದೆ. ಏನು ಓದಲಿ?
– ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಹೊಸದಾಗಿ ಏನೂ ಓದಬೇಡಿ. ಡೆಬಿಟ್ ಎಂದರೇನು, ಸವಕಳಿ ಎಂದರೇನು ಎಂಬುದು ನಿಮಗೆ ಬರುತ್ತದೆ ಅಂತ ನಿಮ್ಮ ಅಂಕಪಟ್ಟಿಯೇ ಹೇಳುತ್ತಿದೆ. ಸಣ್ಣ ಫ್ಯಾಕ್ಟರಿಯವರಿಗೆ ಬೇಕಿರುವುದು ನಾಳೆಯಿಂದ ಬಿಲ್ ಕೂರಿಸುವವರು, ಅಂದರೆ ಬಿಲ್ ನೋಡಿ ಪುಸ್ತಕಕ್ಕೆ ಎಂಟ್ರಿ ಹಾಕುವವರು. ಹತ್ತೂ ದಿನ ಕೈಗೆ ಕೆಲಸ ಕೊಡಿ.

ಟ್ಯಾಲಿಯನ್ನು ಲೈಸೆನ್ಸ್ ಇಲ್ಲದೆ ಎಜುಕೇಷನಲ್ ಮೋಡ್‌ನಲ್ಲಿ ಹಾಕಿಕೊಳ್ಳಬಹುದು. ಅದರಲ್ಲಿ ತಿಂಗಳ 1, 2ನೇ ತಾರೀಖಿನಂಥ ಬೆರಳೆಣಿಕೆಯ ದಿನಗಳಿಗಷ್ಟೇ ಎಂಟ್ರಿ ಹಾಕಲು ಬರುತ್ತದೆ. ಅಭ್ಯಾಸಕ್ಕೆ ಅಷ್ಟು ಸಾಕು. ಗುರುತಿನ ಅಂಗಡಿಗಳಲ್ಲಿ ಕೇಳಿ ಹಳೆಯ ಜಿಎಸ್‌ಟಿ ಬಿಲ್‌ಗಳನ್ನು ತನ್ನಿ, ದಿನಕ್ಕೆ ಇಪ್ಪತ್ತು ಕೂರಿಸಿ. ಮೌಸ್ ಮುಟ್ಟಬೇಡಿ. ಎಫ್9 ಖರೀದಿ, ಎಫ್8 ಮಾರಾಟ, ಎಫ್5 ಪಾವತಿ, ಎಫ್6 ರಸೀದಿ, ಎಫ್7 ಜರ್ನಲ್, ಎಫ್4 ಕಾಂಟ್ರಾ (ನಗದು, ಬ್ಯಾಂಕ್ ನಡುವಿನ ವರ್ಗಾವಣೆ). ಮೂರನೇ ದಿನಕ್ಕೆ ಬೆರಳು ತಾನೇ ಹೋಗುತ್ತದೆ. ನಿಮ್ಮ ಕೈ ಕಟ್ಟಿಹೋಗಿದ್ದು ಭಯಕ್ಕಿಂತ ರೂಢಿ ಇಲ್ಲದ್ದಕ್ಕೆ.

ಬಿಲ್ ಕೈಗೆ ಬಂದ ತಕ್ಷಣ ಕೀಬೋರ್ಡಿಗೆ ಕೈ ಹಾಕಬೇಡಿ. ಮೊದಲು ಜಿಎಸ್‌ಟಿ ನಂಬರ್ ನೋಡಿ. ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್: ಕರ್ನಾಟಕ 29, ತಮಿಳುನಾಡು 33. ತುಮಕೂರಿನಿಂದ 40,000 ರೂಪಾಯಿಯ ಕಚ್ಚಾ ಮಾಲು ಬಂದಿದೆ, ತೆರಿಗೆ ಶೇ 18 ಎನ್ನಿ. ಖರೀದಿ 40,000, ಇನ್‌ಪುಟ್ ಸಿಜಿಎಸ್‌ಟಿ (ಕೇಂದ್ರದ ಪಾಲು) 3,600, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 3,600 ಡೆಬಿಟ್. ಸಪ್ಲೈಯರ್ ಖಾತೆಗೆ 47,200 ಕ್ರೆಡಿಟ್. ಅದೇ ಮಾಲು ತಮಿಳುನಾಡಿನ ಹೊಸೂರಿನಿಂದ ಪೀಣ್ಯಕ್ಕೆ ಬಂದರೆ 7,200 ಪೂರ್ತಿ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ). ಹೊಸಬರು ಎಡವುವುದು ಎರಡು ಕಡೆ. ಒಂದು, 47,200 ಅನ್ನು ಇಡಿಯಾಗಿ ಖರೀದಿಗೆ ಹಾಕಿಬಿಡುವುದು. ಆಗ ಪುಸ್ತಕದಲ್ಲಿ 7,200ರ ತೆರಿಗೆ ಕ್ರೆಡಿಟ್ (ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ಮಾಯ, ಮಾಲಿನ ಬೆಲೆಯೂ ಸುಳ್ಳೇ ಏರುತ್ತದೆ. ಇನ್ನೊಂದು, ಬಿಲ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ನಂಬುವುದು. ಬೇಕೆಂದೇ ತಪ್ಪು ಬಿಲ್ ಕೊಟ್ಟು ನೋಡುವವರಿದ್ದಾರೆ. 33ರಿಂದ ಶುರುವಾಗುವ ನಂಬರಿನ ಬಿಲ್‌ನಲ್ಲಿ, ಪೂರೈಕೆಯ ಸ್ಥಳ ಕರ್ನಾಟಕ ಎಂದಿದ್ದೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದರೆ ‘ಇದನ್ನು ವಾಪಸ್ ಕಳಿಸಿ ಸರಿಮಾಡಿಸಬೇಕು ಸರ್’ ಅನ್ನಿ. ಎಂಟ್ರಿಗಿಂತ ಆ ಒಂದು ಮಾತಿಗೆ ಬೆಲೆ ಜಾಸ್ತಿ.

ಬ್ಯಾಂಕ್ ತಾಳೆಪಟ್ಟಿಯನ್ನೂ ಕೇಳುತ್ತಾರೆ, ಅಂದರೆ ಬ್ಯಾಂಕಿನಲ್ಲಿ ಉಳಿದ ಹಣ ನಮ್ಮ ಪುಸ್ತಕದಲ್ಲೂ ಪಾಸ್‌ಬುಕ್‌ನಲ್ಲೂ ಯಾಕೆ ಬೇರೆ ಇದೆ ಎಂದು ತಾಳೆ ನೋಡುವುದು. ನಮ್ಮ ಪುಸ್ತಕದಲ್ಲಿ ಬಾಕಿ 1,25,000. ನಾವು ಕೊಟ್ಟ 18,000ದ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಬ್ಯಾಂಕ್ ಶುಲ್ಕ 590 ಕಡಿತವಾಗಿದೆ, ನಾವು ಬರೆದಿಲ್ಲ. ಪಾಸ್‌ಬುಕ್‌ನಲ್ಲಿ 1,42,410 ಇರಬೇಕು. ಲೆಕ್ಕವನ್ನು ಬಹಳ ಜನ ಸರಿಯಾಗಿಯೇ ಮಾಡುತ್ತಾರೆ. ಆಮೇಲೆ ‘ಇದರಲ್ಲಿ ಎಂಟ್ರಿ ಯಾವುದಕ್ಕೆ?’ ಅಂದಾಗ ತಡವರಿಸುತ್ತಾರೆ. ಚೆಕ್‌ಗೆ ಬೇಡ, ಅದು ಪಾಸಾದಾಗ ತಾನೇ ಸರಿಹೋಗುತ್ತದೆ. ಎಂಟ್ರಿ 590ಕ್ಕೆ ಮಾತ್ರ. ಅದರಲ್ಲೂ 500 ಶುಲ್ಕ, 90 ಜಿಎಸ್‌ಟಿ ಎಂದು ಬಿಡಿಸಿ ಹೇಳಿದರೆ ಎದುರಿಗೆ ಕೂತವರು ಕಾಗದದಿಂದ ತಲೆ ಎತ್ತುತ್ತಾರೆ.

ತಾರೀಖುಗಳು ನಾಲಿಗೆ ತುದಿಯಲ್ಲಿರಲಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11ಕ್ಕೆ, 3ಬಿ (ತೆರಿಗೆ ಲೆಕ್ಕದ ರಿಟರ್ನ್) 20ಕ್ಕೆ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದ ಆದಾಯ ತೆರಿಗೆ, ಕಟ್ಟಲು 7 (ಮಾರ್ಚ್‌ದು ಮಾತ್ರ ಏಪ್ರಿಲ್ 30). ಪಿಎಫ್, ಇಎಸ್‌ಐ 15. ‘ಬಿಲ್ ಪುಸ್ತಕದಲ್ಲಿದೆ, 2ಬಿಯಲ್ಲಿ ಕಾಣುತ್ತಿಲ್ಲ, ಏನು ಮಾಡ್ತೀರಿ?’ ಅಂತಲೂ ಕೇಳಬಹುದು. (2ಬಿ ಅಂದರೆ ಸಪ್ಲೈಯರ್‌ಗಳು ಹಾಕಿದ ರಿಟರ್ನ್‌ನಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ನಮ್ಮ ಕ್ರೆಡಿಟ್ ಪಟ್ಟಿ.) ಬಿಲ್ ನಂಬರ್, ಜಿಎಸ್‌ಟಿ ನಂಬರ್ ತಪ್ಪಿದೆಯೇ ಅಂತ ನೋಡುತ್ತೇನೆ, ಸರಿ ಇದ್ದರೆ ಸಪ್ಲೈಯರ್‌ಗೆ ಫೋನ್ ಮಾಡಿ ರಿಟರ್ನ್ ಹಾಕಿದ್ದಾರೋ ಕೇಳುತ್ತೇನೆ, 2ಬಿಯಲ್ಲಿ ಬರುವವರೆಗೆ ಆ ಕ್ರೆಡಿಟ್ ತೆಗೆದುಕೊಳ್ಳುವುದಿಲ್ಲ – ಇಷ್ಟೇ ಉತ್ತರ.

ಇಂಗ್ಲಿಷ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಊರು, ಓದು, ಏನೇನು ಎಂಟ್ರಿ ಬರುತ್ತದೆ – ಇಷ್ಟನ್ನು ನಾಲ್ಕು ವಾಕ್ಯ ಕಲಿತು ಹೇಳಿ, ಉಳಿದದ್ದಕ್ಕೆ ‘ಕನ್ನಡದಲ್ಲಿ ಹೇಳಲಾ ಸರ್?’ ಅನ್ನಿ. ಬಾಯಿಪಾಠದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ರೆಸ್ಯೂಮೆ ಒಂದೇ ಪುಟ, ಬಾರದ್ದನ್ನು ಬರೆಯಬೇಡಿ. ‘ಅಡ್ವಾನ್ಸ್ಡ್ ಎಕ್ಸೆಲ್’ ಎಂದು ಬರೆದವರಿಗೆ ವಿಲುಕಪ್ (ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವ ಸೂತ್ರ) ಹಾಕಿ ತೋರಿಸಿ ಅನ್ನುವುದು ಗ್ಯಾರಂಟಿ.

ಪೀಣ್ಯದ ವಿಳಾಸದಲ್ಲಿ ಹಂತ, ಫೇಸ್, ಕ್ರಾಸ್ ಮೂರನ್ನೂ ಹಿಂದಿನ ದಿನವೇ ಫೋನ್ ಮಾಡಿ ಖಚಿತಮಾಡಿಕೊಳ್ಳಿ. ಒಂದು ತಪ್ಪಿದರೂ ಬಿಸಿಲಲ್ಲಿ ಅರ್ಧ ಗಂಟೆ ಅಲೆದಾಟ. ಮೂಲ ಅಂಕಪಟ್ಟಿ ತೋರಿಸಿ ವಾಪಸ್ ಇಟ್ಟುಕೊಳ್ಳಿ, ಕೊಡುವುದು ಜೆರಾಕ್ಸ್ ಮಾತ್ರ.

ಸಂಬಳದ ಮಾತು ಬಂದಾಗ ‘ನೀವು ಕೊಟ್ಟಷ್ಟು’ ಅನ್ನಬೇಡಿ. 18,000 ಅಂದರೆ, ಪಿಎಫ್ 15,000ದ ಮೇಲೆ ಹಿಡಿದರೆ 1,800, ಇಎಸ್‌ಐ ಶೇ 0.75ರಂತೆ 135 ಹೋಗಿ ಕೈಗೆ 16,065. ಕಂಪನಿ ಪಾಲಿನ ಪಿಎಫ್ 1,800, ಇಎಸ್‌ಐ 585 ಸೇರಿಸಿ 20,385 ಎಂದು ಹೇಳುವವರೂ ಇದ್ದಾರೆ. ಹೇಳಿದ ಮೊತ್ತದಲ್ಲಿ ಕಂಪನಿ ಪಾಲೂ ಸೇರಿದೆಯೇ ಎಂದು ಅಲ್ಲೇ ಕೇಳಿ. ಅಕೌಂಟ್ಸ್ ಕೆಲಸಕ್ಕೆ ಬಂದವರು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.