ಹಾಸ್ಯ ಚುಟುಕಕ್ಕೆ ಪ್ರಾಸ ಇದೆ, ಆದರೂ ಓದುವಾಗ ನಾಲಿಗೆ ಯಾಕೆ ಎಡವುತ್ತದೆ?

ಡೊಂಬಿವಲಿಯ ಕಾರ್ಯಕ್ರಮದಲ್ಲಿ ಓದಲು ಬರೆದ ಈ ಚುಟುಕ ಮೂರನೇ ಸಾಲಿನಲ್ಲಿ ತಡವರಿಸುತ್ತದೆ ಎಂದಿದ್ದೀರಿ:

ಥಾಣೆಗೆ ಹೊರಟರು ಪಕ್ಕದ ರಾಯರು
ಬಾಗಿಲ ಬಳಿಯೇ ನಿಂತು
ದಾದರ್ ಬಂದಾಗ ಜನರೇ ಇಳಿಸಿದರು
ಚೀಲವು ಥಾಣೆಗೆ ಬಂತು

ಓದಿ ಜೋರಾಗಿ ನಕ್ಕೆ. ವರ್ಷಗಟ್ಟಲೆ ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಓಡಾಡಿದವನು ನಾನು. ದಾದರ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಬಾಗಿಲ ಬಳಿ ನಿಂತವರಿಗೆ ಇಳಿಯೋದು ಬಿಡೋದು ತಮ್ಮ ಕೈಯಲ್ಲಿ ಇರುವುದಿಲ್ಲ, ಅಲ್ವಾ? ವಿಷಯ ಗಟ್ಟಿ ಇದೆ. ತೊಂದರೆ ಇರುವುದು ಮಾತ್ರೆಯಲ್ಲಿ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯಲ್ಲಿ.

ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳನ್ನು ಲಘು, ಗುರು ಎಂದು ಗುರುತಿಸಿ ನೋಡಿ. ಲಘುವಿಗೆ (ಗಿಡ್ಡ ಅಕ್ಷರ) 1 ಮಾತ್ರೆ, ಗುರುವಿಗೆ (ಉದ್ದ ಅಕ್ಷರ) 2. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, 'ದರ್' ಥರ ವ್ಯಂಜನದಲ್ಲಿ ಮುಗಿಯುವ ಅಕ್ಷರ ಎಲ್ಲವೂ ಗುರು. ಮೊದಲ ಸಾಲು ಥಾಣೆಗೆ | ಹೊರಟರು | ಪಕ್ಕದ | ರಾಯರು: 4-4-4-4, ಒಟ್ಟು 16. ಎರಡನೆಯದು 4-4-3, ಒಟ್ಟು 11. ನಾಲ್ಕನೆಯದೂ 11. ಮೂರನೆಯದು ಮಾತ್ರ ದಾದರ್ | ಬಂದಾಗ | ಜನರೇ | ಇಳಿಸಿದರು: 4-5-4-5, ಒಟ್ಟು 18. ಆ ಎರಡು ಮಾತ್ರೆಯೇ ನಿಮ್ಮ ನಾಲಿಗೆಗೆ ಸಿಕ್ಕಿದ ಕಲ್ಲು. ಹೀಗೆ ಮಾಡಿ:

ದಾದರ್ ಬಂದಿತು, ಗುಂಪೇ ಇಳಿಸಿತು

ಈಗ 16 ಆಯಿತು. ಎರಡು ಚಿಕ್ಕ ಮಾತು ಬೆನ್ನುಬೆನ್ನಿಗೆ ಬರುವುದರಿಂದ ನೂಕಿದ ರಭಸವೂ ಸಿಗುತ್ತದೆ.

ನಾಲ್ಕನೇ ಸಾಲಿನ ಲೆಕ್ಕ ಸರಿ, ಆದರೆ ನಗು ಬೇಗ ಒಡೆದುಹೋಗಿದೆ. 'ಚೀಲವು' ಅಂದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಎರಡು ಪದವೂ ನಾಲ್ಕು ಮಾತ್ರೆ ತಾನೇ, ಜಾಗ ಬದಲಿಸಬಹುದು: 'ಥಾಣೆಗೆ ಚೀಲವೆ ಬಂತು'. ಕೇಳುವವರು ರಾಯರು ಮನೆ ಸೇರಿದರು ಅಂದುಕೊಳ್ಳುತ್ತಾರೆ, ಅಷ್ಟರಲ್ಲಿ ಚೀಲ ಬರುತ್ತದೆ! ಇನ್ನೊಂದು ಲಾಭ: ಸಾಲುಗಳ ಮೊದಲ ಅಕ್ಷರ ಥಾ, ಬಾ, ದಾ, ಥಾ ಆಗುತ್ತದೆ. ಇದು ನನಗೆ ತುಂಬಾ ಇಷ್ಟವಾಯಿತು.

ಪ್ರಾಸದ ಬಗ್ಗೆ ಚಿಂತೆ ಬೇಡ. ಚುಟುಕಕ್ಕೆ ಸಾಲಿನ ಕೊನೆಯ ಅಂತ್ಯಪ್ರಾಸ ಸಾಕು, 'ನಿಂತು–ಬಂತು' ಚೆನ್ನಾಗಿ ಕೂತಿದೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ತರುವ ಆದಿಪ್ರಾಸ ಬೇಕಾಗುವುದು ಆರು ಸಾಲಿನ ಪದ್ಯವಾದ ಷಟ್ಪದಿಗೆ. ಮುಂದೊಮ್ಮೆ ರಾಯರ ಪಾಡನ್ನು ಯುದ್ಧದ ಗತ್ತಿನಲ್ಲಿ ಹೇಳಬೇಕು ಅನ್ನಿಸಿದರೆ ಷಟ್ಪದಿಯ ಒಂದು ಬಗೆಯಾದ ಭಾಮಿನಿ ಹಿಡಿಯಿರಿ, 3-4-3-4 ಮಾತ್ರೆಗಳ ನಡೆ. ಯಕ್ಷಗಾನ ನೋಡುವ ಮುಂಬೈ ಕನ್ನಡಿಗರಿಗೆ ಆ ಲಯ ಕಿವಿಯಲ್ಲೇ ಇದೆ.

ಓದುವಾಗ ಒಂದು ವಿಷಯ. 'ಥಾಣೆಗೆ' ಅಂದ ಮೇಲೆ ಒಂದು ಗಳಿಗೆ ನಿಲ್ಲಿಸಿ, ಸಭೆಯನ್ನು ನೋಡಿ. ಆಮೇಲೆ 'ಚೀಲವೆ ಬಂತು'.