ಶುಶ್ರೂಷಕಿಯ ಓದು: ಮನೆಯಲ್ಲೋ, ತರಗತಿಯಲ್ಲೋ?

ಕೆಲಸದಲ್ಲಿರುವ ಶುಶ್ರೂಷಕಿಯರು ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದಾಗ, ನಿದ್ದೆ ಬರುವುದಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ ಎಂದು ಆರಂಭವಾಗುವ ಮಾತು ಎರಡನೆಯ ಭೇಟಿಯ ಹೊತ್ತಿಗೆ ಓದಿನ ವಿಷಯಕ್ಕೆ ಬಂದು ನಿಲ್ಲುವುದನ್ನು ಹಲವು ಬಾರಿ ಕಂಡಿದ್ದೇನೆ. ಜಿ.ಎನ್.ಎಂ. (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಆರೈಕೆಯ ಡಿಪ್ಲೊಮಾ) ಮುಗಿಸಿ ಸೇರಿದವರು ವರ್ಷಗಟ್ಟಲೆ ದುಡಿದ ಮೇಲೆ, ಬಿ.ಎಸ್ಸಿ. ಮಾಡಿ ಬಂದ ಕಿರಿಯರು ಇನ್‌ಚಾರ್ಜ್ ಆಗುವುದನ್ನು ನೋಡುತ್ತಾರೆ. ಕೆಲಸ ಬಿಟ್ಟು ಕಾಲೇಜು ಸೇರುವುದೋ, ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಓದುವುದೋ ಎಂಬ ಪ್ರಶ್ನೆ ಆಗ ಹುಟ್ಟುತ್ತದೆ. ಅಂಥ ಒಂದು ಪ್ರಕರಣವನ್ನು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಮನೆಯಲ್ಲಿ ಗಂಡ, ಶಾಲೆಗೆ ಹೋಗುವ ಮಗ ಮತ್ತು ಅತ್ತೆ. ಹಾಜರಾತಿಯೇ ಬೇಡ, ಮನೆಯಲ್ಲಿ ಕುಳಿತು ಬಿ.ಎಸ್ಸಿ. ನರ್ಸಿಂಗ್ ಮುಗಿಸಬಹುದು ಎಂದು ಏಜೆಂಟನೊಬ್ಬ ಆಕೆಗೆ ಹೇಳಿದ್ದ. ಅದನ್ನು ಕೂಡಲೇ ಬದಿಗಿಡಲು ಹೇಳಿದೆ. ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣಕ್ಕೆ ಸಂಬಂಧಿಸಿದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿ ನರ್ಸಿಂಗ್ ಪದವಿಯನ್ನು ಆ ಮಾರ್ಗದಿಂದ ಹೊರಗಿಟ್ಟಿದೆ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಲಾಗದ ಪ್ರಮಾಣಪತ್ರ ಗೋಡೆಗೆ ತೂಗುಹಾಕಲಷ್ಟೇ ಬರುತ್ತದೆ. ಜಿ.ಎನ್.ಎಂ. ಆದವರಿಗೆ ಉಳಿಯುವುದು ಕಾಲೇಜಿಗೆ ಹೋಗಿ ಡಿಪ್ಲೊಮಾದ ಮೇಲೆ ಮಾಡುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಇಲ್ಲವೇ ಇದಕ್ಕೆ ಅಪವಾದವೆಂಬಂತೆ, ಸೇವೆಯಲ್ಲಿರುವವರಿಗಾಗಿಯೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ನಡೆಸುತ್ತ ಬಂದಿರುವ, ಕನಿಷ್ಠ ಮೂರು ವರ್ಷದ ಅದೇ ಪದವಿ. ಎರಡನೆಯದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು, ಜೊತೆಗೆ ಸಂಪರ್ಕ ತರಗತಿ ಮತ್ತು ಪ್ರಾಯೋಗಿಕ ತರಬೇತಿಗೆ ಖುದ್ದಾಗಿ ಹೋಗಲೇಬೇಕು.

“ಹಾಗಾದರೆ ಪೂರ್ತಿ ಆನ್‌ಲೈನ್ ಇರೋದು ಯಾವುದೂ ಇಲ್ವಾ ಮೇಡಂ?” ಎಂದು ಆಕೆ ಮತ್ತೆ ಮತ್ತೆ ಕೇಳುತ್ತಿದ್ದುದರಿಂದ, ಮೂರನೆಯ ಭೇಟಿಯಲ್ಲಿ ನಾನು ಪದವಿಯ ಮಾತು ಬಿಟ್ಟು, ಈ ಹಿಂದೆ ಆನ್‌ಲೈನಿನಲ್ಲಿ ಏನನ್ನಾದರೂ ಓದಿದ್ದೀರಾ ಎಂದು ಕೇಳಿದೆ. ಸೋಂಕು ನಿಯಂತ್ರಣದ ಚಿಕ್ಕ ಕೋರ್ಸೊಂದಕ್ಕೆ ಸೇರಿದ್ದರಂತೆ. ಬ್ಯಾಗಿನಿಂದ ಆ ನೋಟ್‌ಬುಕ್ ತೆಗೆದು ತೋರಿಸಿದರು. ಮೊದಲ ನಾಲ್ಕೈದು ಪುಟ ದುಂಡಗಿನ ಅಕ್ಷರ, ಆಮೇಲೆ ಅಂಚಿಗೆಲ್ಲ ಎಣ್ಣೆಯ ಕಲೆ, ಕ್ಯಾತಿಟರ್ ಆರೈಕೆಯ ಅಧ್ಯಾಯದಲ್ಲಿ ಅರ್ಧ ವಾಕ್ಯಕ್ಕೆ ಬರವಣಿಗೆ ನಿಂತಿತ್ತು. ರಾತ್ರಿ ಪಾಳಿ ಮುಗಿಸಿ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಕ್ಕೆ ಮೊಬೈಲ್ ಒರಗಿಸಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತಿದ್ದರಂತೆ. ಇನ್ನೊಂದು ಕಿವಿ ಅತ್ತೆಯ ಕರೆಗೆ. ನಂತರ ಆಕೆ ಆಡಿದ ಮಾತು ಈ ಬರಹಕ್ಕೆ ಕಾರಣ.

“ಪುಸ್ತಕ ಹಿಡಿದರೆ ಓದ್ತಿದಾಳೆ ಅಂತಾರೆ, ಮೊಬೈಲ್ ಹಿಡಿದರೆ ಮೊಬೈಲ್ ನೋಡ್ತಾ ಕೂತಿದಾಳೆ ಅಂತಾರೆ. ಅದೇ ಟ್ರೈನಿಂಗ್ ಇದೆ ಅಂತ ಆಸ್ಪತ್ರೆಯವರು ಕರೆದಾಗ ನಮ್ಮತ್ತೇನೇ ಡಬ್ಬಿ ಕಟ್ಟಿಕೊಟ್ಟರು ಮೇಡಂ.”

ತಾನೇ ಆಡಿದ ಮಾತಿಗೆ ಆಕೆ ಒಂದು ಕ್ಷಣ ಸುಮ್ಮನಾದರು. ಆನ್‌ಲೈನ್ ಓದು ಸಮಯ ಉಳಿಸುತ್ತದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಆದರೆ ಮನೆಯೊಳಗಿನ ಹೆಂಗಸಿನ ಸಮಯ ಎಲ್ಲರ ಕೈಗೂ ಸಿಗುವ ಸಮಯ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸಿಲು ದಾಟಿ ಹೋದವಳ ಓದಿಗೆ ಮನೆಯವರು ತಾವಾಗಿಯೇ ಜಾಗ ಬಿಡುತ್ತಾರೆ. ಇದು ನ್ಯಾಯವಲ್ಲ, ನಿಜ. ಆದರೆ ಮನೆಯವರ ಮನಸ್ಸು ಬದಲಾಗುವವರೆಗೂ ಆಕೆ ಓದನ್ನು ಮುಂದೂಡಬೇಕೆಂದು ನಾನು ಹೇಳಲಾರೆ.

ಓದಲು ಮನೆಯಿಂದ ಹೊರಗೆ ಹೋಗಿ ಎಂದು ಹೇಳಿದಾಗ, ಬಡ ಶುಶ್ರೂಷಕಿಗೆ ಇರುವ ಒಂದೇ ಬಾಗಿಲನ್ನೂ ಮುಚ್ಚುತ್ತಿದ್ದೀರಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ನಾನು ಒಪ್ಪುವುದಿಲ್ಲ. ತಿಳಿದದ್ದನ್ನು ಹರಿತಗೊಳಿಸಿಕೊಳ್ಳಲು, ಹೊಸ ಮಾರ್ಗಸೂಚಿ ಅರಿಯಲು ಆನ್‌ಲೈನ್ ತರಗತಿ ಧಾರಾಳವಾಗಿ ಸಾಕು. ಪದವಿಯ ಮಾತು ಬೇರೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಕೇಳುತ್ತದೆ, ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕ ಕ್ಷೇತ್ರಗಳಲ್ಲಿ ಶೇ. 100 ಕೇಳುತ್ತದೆ. ಐಸಿಯುನಲ್ಲಿ ದುಡಿಯುವವಳಿಗೆ ಇನ್ನೇನು ಪ್ರಾಕ್ಟಿಕಲ್ ಎಂದು ಆಕೆಯೂ ಕೇಳಿದ್ದರು. ವೆಂಟಿಲೇಟರ್ ಕೈಗೆ ಚೆನ್ನಾಗಿ ಬಂದಿರಬಹುದು. ಸಮುದಾಯ ಆರೋಗ್ಯಕ್ಕೆ ಮನೆಮನೆಗೆ ಹೋಗಿ, ಮನೋರೋಗ ವಾರ್ಡಿನಲ್ಲಿ ನಿಂತು ಎಷ್ಟು ವರ್ಷವಾಯಿತು ಎಂದು ಕೇಳಿದೆ. ಜಿ.ಎನ್.ಎಂ. ಓದುವಾಗ ಹೋಗಿದ್ದೇ ಕೊನೆ ಎಂದರು.

ಕೆಲಸ ಬಿಡಲು ಆಕೆಗೆ ಸಾಧ್ಯವಿರಲಿಲ್ಲ, ಸಾಲದ ಕಂತು ಆಕೆಯ ಸಂಬಳದಿಂದಲೇ ಹೋಗುತ್ತಿತ್ತು. ಆದ್ದರಿಂದ ಇಗ್ನೋ ಪ್ರವೇಶ ಪರೀಕ್ಷೆಗೆ ಸಿದ್ಧರಾಗಿ, ಆ ಓದನ್ನೂ ಮನೆಯಲ್ಲಿ ಮಾಡದೆ ವಾರಕ್ಕೆ ಎರಡು ದಿನ ಪಾಳಿ ಮುಗಿದ ಬಳಿಕ ಆಸ್ಪತ್ರೆಯ ಗ್ರಂಥಾಲಯದಲ್ಲೇ ಒಂದು ಗಂಟೆ ಕುಳಿತು ಮುಗಿಸಿ ಬನ್ನಿ ಎಂದು ಸಲಹೆ ಕೊಟ್ಟೆ. ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಆತ ಕೆಟ್ಟವರಲ್ಲ, ಹೆಂಡತಿ ಓದುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಸಂಜೆ ಮಗನ ಹೋಂವರ್ಕ್ ತಾವು ನೋಡಿಕೊಳ್ಳುವುದಾಗಿ ಹೇಳಿದರು. ಸೀಟು ಸಿಕ್ಕರೆ ಸಂಪರ್ಕ ತರಗತಿಯ ಹಿಂದಿನ ರಾತ್ರಿ ಪಾಳಿ ಹಾಕುವುದಿಲ್ಲವೆಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಅದನ್ನು ಲಿಖಿತವಾಗಿ ಪಡೆದುಕೊಳ್ಳಿ ಎಂದು ಹೇಳಿ ಕಳುಹಿಸಿದ್ದೇನೆ.